ಗುರುರಾಜಾಚಾರ್ಯರ ತಾತ್ಕಾಲಿಕ ಹಲ್ಲು

1996ರ ನವೆಂಬರ್‌ನಲ್ಲಿ ಸೇಡಂನ ಒಂದು ಹನುಮಂತ ದೇವರ ಗುಡಿಯ ಬಾವಿಯಲ್ಲಿ ನೀರು ಸೇದುತ್ತಿದ್ದಾಗ ರಾಟೆಯ ಕೊಕ್ಕೆ ಕಿತ್ತುಬಂದು, ಕಬ್ಬಿಣದ ರಾಟೆ ಅರ್ಚಕ ಗುರುರಾಜಾಚಾರ್ಯರ ಬಾಯಿಗೆ ಬಡಿಯಿತು. ಮೇಲ್ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದು ಬೇರಿನವರೆಗೆ ಸೀಳಿತು. ಅದನ್ನು ಬೇರೆ ಕಡೆ ಕೀಳಿಸಿಕೊಂಡು, ಗಾಯ ಮಾಯ್ದ ಮೇಲೆ, ಜನವರಿಯಲ್ಲಿ ಅವರು ನನ್ನ ಹತ್ತಿರ ಬಂದರು.

ಆಗ ಅವರಿಗೆ ಮೂವತ್ತೈದರ ಆಸುಪಾಸು. ಗುಡಿಯ ಸೇವೆ ಅವರ ಮನೆತನದ ಮೂರು ಕವಲುಗಳಿಗೆ ಸೇರಿತ್ತು. ಯುಗಾದಿಯಿಂದ ಯುಗಾದಿಗೆ ಒಂದೊಂದು ಕವಲು ಪೂಜೆ ನಡೆಸುತ್ತಿತ್ತು. 1997ರ ಯುಗಾದಿಯಿಂದ ಗುರುರಾಜಾಚಾರ್ಯರ ಸರದಿ. ಮನೆತನದ ಹಿರಿಯರು ಅವರ ದೊಡ್ಡಪ್ಪ ರಾಮಾಚಾರ್ಯರು. ಅಂಗಲೋಪವಾದವನು ಅಭಿಷೇಕಕ್ಕೆ ಕೂಡಬಾರದು, ಮಂತ್ರ ಹೇಳುವಾಗ ಬಾಯಿಂದ ಗಾಳಿ ಸೋರಬಾರದು ಎಂದು ಅವರು ಹೇಳಿಬಿಟ್ಟಿದ್ದರು. ಯುಗಾದಿಯೊಳಗೆ ಸರಿಯಾಗದಿದ್ದರೆ ಸರದಿ ಮುಂದಿನ ಕವಲಿಗೆ ಹೋಗುತ್ತದೆ. ಮತ್ತೆ ಬರಲು ಮೂರು ವರ್ಷ.

"ಹಲ್ಲು ಹೋದದ್ದಕ್ಕ ದುಃಖ ಇಲ್ರಿ," ಎಂದರು ಆಚಾರ್ಯರು, ಮೊದಲ ದಿನ ಕುರ್ಚಿಯಲ್ಲಿ ಕೂತು. "ಸರದಿ ಹೋದ್ರ ನನ್ನ ಮಗಾ ನಾಳೆ ಕೇಳ್ತಾನ, ಅಪ್ಪಾ ನೀ ಯಾಕ ಗುಡಿ ಹೊರಗ ನಿಂತೀದಿ ಅಂತ. ಅದಕ್ಕ ನನ್ನ ಕಡೆ ಉತ್ತರ ಇಲ್ಲ."

ಈ ವೃತ್ತಿಗೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಕಾಳಗಿಯವಳು, ಆಗ ಅದು ಚಿತ್ತಾಪುರ ತಾಲ್ಲೂಕಿನಲ್ಲಿತ್ತು. ತಂದೆ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಖಲಾಸಿ. ಹೈದರಾಬಾದಿನಲ್ಲಿ ದಂತವೈದ್ಯಕೀಯ ಓದಿ, ಗುಲ್ಬರ್ಗದಲ್ಲಿ ಕೆಲವು ವರ್ಷ ಹಿರಿಯರೊಬ್ಬರ ಕೈಕೆಳಗೆ ದುಡಿದು, ಶಹಾಬಾದಿನಲ್ಲಿ ಸ್ವಂತ ದವಾಖಾನೆ ಇಟ್ಟೆ. ವಾರದಲ್ಲಿ ಒಂದು ದಿನ ವಾಡಿ, ಒಂದು ದಿನ ಚಿತ್ತಾಪುರ, ಗುರುವಾರ ಸೇಡಂ, ತಿಂಗಳಿಗೊಮ್ಮೆ ಚಿಂಚೋಳಿ. ಸೇಡಂವರೆಗೆ ಪ್ಯಾಸೆಂಜರ್ ಗಾಡಿ, ಅಲ್ಲಿಂದ ಚಿಂಚೋಳಿಗೆ ಬಸ್ಸು. ಸೇಡಂನಲ್ಲಿ ಬಸ್ ನಿಲ್ದಾಣದ ಹತ್ತಿರ ಔಷಧಿ ಅಂಗಡಿಯ ಹಿಂದಿನ ಕೋಣೆ ನನ್ನದು. ಬರುವವರಲ್ಲಿ ಬಹುಪಾಲು ಕೀಳಿಸಿಕೊಳ್ಳುವವರು. ಮುಂದಿನ ಹಲ್ಲು ಚೆಂದವಾಗಿ ಕಾಣಬೇಕು ಎಂದು ಬರುವವರು ವರ್ಷಕ್ಕೆ ಕೆಲವರೇ. ಅವರಿಗೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ಹಲ್ಲು ಮಾಡುವುದು ಕಷ್ಟವಲ್ಲ, ವಸಡು ಮಾಡುವುದು ಕಷ್ಟ. ಹಲ್ಲು ಕಿತ್ತ ಜಾಗದಲ್ಲಿ ವಸಡು ಸಮತಟ್ಟಾಗಿ ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಎಷ್ಟೇ ಒಳ್ಳೆಯ ಹಲ್ಲು ಇಟ್ಟರೂ, ಹಾಸುಗಲ್ಲಿನ ಮೇಲೆ ನಿಲ್ಲಿಸಿದ ಗೂಟದಂತೆ ಕಾಣುತ್ತದೆ. ನೆಲದಿಂದ ಮೊಳಕೆ ಬಂದ ಹಾಗೆ ಕಾಣಬೇಕಾದರೆ ಹಲ್ಲಿನ ಬುಡಕ್ಕೆ ವಸಡಿನಲ್ಲಿ ಒಂದು ಬಟ್ಟಲು ಬೇಕು, ಎರಡೂ ಪಕ್ಕ ಸಣ್ಣ ತ್ರಿಕೋನದಂತೆ ವಸಡು ಏರಿರಬೇಕು. ಆ ಬಟ್ಟಲನ್ನು ಮಾಡುವ ಉಪಕರಣವೇ ತಾತ್ಕಾಲಿಕ ಹಲ್ಲು. ಅಕ್ರಿಲಿಕ್ಕಿನಲ್ಲಿ ಹಲ್ಲು ಮಾಡಿ, ಅದರ ಬುಡವನ್ನು ಕೋಳಿಮೊಟ್ಟೆಯ ಕೆಳತುದಿಯಂತೆ ಉಬ್ಬಿಸಿ, ವಸಡಿನ ಮೇಲೆ ಹಗುರಾಗಿ ಒತ್ತುವಂತೆ ಕೂರಿಸಬೇಕು. ಎರಡು ವಾರಕ್ಕೊಮ್ಮೆ ಬುಡಕ್ಕೆ ಸ್ವಲ್ಪ ಸೇರಿಸಬೇಕು. ವಸಡು ನಿಧಾನವಾಗಿ ಜಾಗ ಕೊಡುತ್ತದೆ. ಆಕಾರ ನಿಂತ ಮೇಲೆ ಕೊನೆಯ ಹಲ್ಲು.

ಇದನ್ನು ನನಗೆ ಕಲಿಸಿದವರು ಗುಲ್ಬರ್ಗದ ದೇಶಮುಖ ಸರ್. ಕಡಿಮೆ ಮಾತಿನವರು, ಹೆಚ್ಚು ಸಿಟ್ಟಿನವರು. ನಾನು ತಿಕ್ಕಿ ತಂದ ತಾತ್ಕಾಲಿಕ ಹಲ್ಲನ್ನು ಹೆಬ್ಬೆರಳ ಉಗುರಿನಿಂದ ಸವರಿ ನೋಡುತ್ತಿದ್ದರು. ಉಗುರು ಎಲ್ಲಾದರೂ ತಡೆದರೆ ಹಲ್ಲು ಸೀದಾ ಉಗುಳುವ ತೊಟ್ಟಿಗೆ.

"ವಸಡಿ ಹಲ್ಲಿನ ಮಾತು ಕೇಳ್ತದ, ಡಾಕ್ಟರ ಮಾತು ಕೇಳೂದಿಲ್ಲ," ಎನ್ನುತ್ತಿದ್ದರು. "ಖರಬರ ಇದ್ರ ಸಿಟ್ಟಿಗೇಳ್ತದ. ಕನ್ನಡಿ ಹಂಗ ಇದ್ರ ಹಿಂದ ಸರೀತದ."

ಎಷ್ಟು ಒತ್ತಬೇಕು ಎಂಬುದಕ್ಕೂ ಅವರದೊಂದು ಅಳತೆ ಇತ್ತು. ಹಲ್ಲು ಕೂರಿಸಿದ ಕೂಡಲೇ ವಸಡು ಬಿಳುಚಿಕೊಳ್ಳುತ್ತದೆ, ರಕ್ತ ಹಿಂದೆ ಸರಿದದ್ದರಿಂದ. ಆಗ ಅವರು ಹೋಟೆಲಿಗೆ ಚಹಾ ಹೇಳಿಕಳಿಸುತ್ತಿದ್ದರು. ಚಹಾ ಬಂದು ಲೋಟ ಖಾಲಿಯಾಗುವುದರೊಳಗೆ ವಸಡು ಮತ್ತೆ ಗುಲಾಬಿ ಬಣ್ಣಕ್ಕೆ ಬಂದರೆ ಸರಿ. ಬರದಿದ್ದರೆ ಒತ್ತಡ ಹೆಚ್ಚಾಗಿದೆ. ಹಲ್ಲು ತೆಗೆದು ಬುಡ ತೇಯಬೇಕು.

ಈ ಚಹಾದ ನಿಯಮ ಮುರಿದರೆ ಏನಾಗುತ್ತದೆ ಎಂದು ವಾಡಿಯಲ್ಲಿ ಗೊತ್ತಾಯಿತು. ಖಾಜಾಮಿಯಾ ಎಂಬ ರೈಲ್ವೆ ಗಾರ್ಡ್‌ಗೆ ಮುಂದಿನ ಹಲ್ಲು ಕೂರಿಸಿದ್ದೆ. ವಸಡು ಇನ್ನೂ ಬೆಳ್ಳಗೇ ಇತ್ತು. ಅವರ ಗೂಡ್ಸ್ ಗಾಡಿಗೆ ಸಿಗ್ನಲ್ ಆಗುವ ಹೊತ್ತು. "ಜಲ್ದಿ ಬಿಡ್ರಿ ಡಾಕ್ಟರಬಾಯಿ, ಗಾಡಿ ನಿಂತದ," ಎಂದರು, ಬಿಟ್ಟೆ. ಮರುವಾರ ಬಂದಾಗ ವಸಡು ಹುಣ್ಣಾಗಿತ್ತು, ಹಲ್ಲು ಸಡಿಲಾಗಿತ್ತು.

"ನಾ ಸೀಟಿ ಊದಿದ ಮ್ಯಾಲ ಗಾಡಿ ಹೊಂಡಬೇಕು," ಎಂದರು ಖಾಜಾಮಿಯಾ. "ನಿಮ್ಮ ಹಲ್ಲು ಸೀಟಿ ಕೇಳಿದ ಕೂಡ್ಲೇ ಗಾಡಿಗಿಂತ ಮುಂದ ಹೊಂಟದ ನೋಡ್ರಿ."

ಹುಣ್ಣು ಮಾಯಿತು. ಆದರೆ ಒಂದು ಪಕ್ಕದ ವಸಡಿನ ತ್ರಿಕೋನ ಮತ್ತೆ ಬೆಳೆಯಲಿಲ್ಲ. ಎರಡು ಹಲ್ಲುಗಳ ನಡುವೆ ಕಪ್ಪು ಸಂದು ಉಳಿಯಿತು. ಅವರು ನಿವೃತ್ತರಾಗುವವರೆಗೂ ಅದನ್ನು ಬೆರಳಿಟ್ಟು ತೋರಿಸಿ, "ಬೀಡಿ ಇಟ್ಕೊಳ್ಳಾಕ ಛಲೋ ಜಾಗಾ ಮಾಡಿಕೊಟ್ಟೀರಿ," ಎಂದು ನಗುತ್ತಿದ್ದರು. ಆಮೇಲೆ ನಾನು ಯಾರನ್ನೂ ಬಿಳಿ ವಸಡಿನೊಂದಿಗೆ ಹೊರಗೆ ಕಳಿಸಲಿಲ್ಲ.

ಗುರುರಾಜಾಚಾರ್ಯರ ವಸಡು ದಪ್ಪನಾಗಿತ್ತು, ಆರೋಗ್ಯವಾಗಿತ್ತು. ಎಲೆ ಅಡಿಕೆ ಇಲ್ಲ, ತಂಬಾಕು ಇಲ್ಲ. ಇಂಥ ವಸಡು ಬೇಗ ಆಕಾರಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿದೆ. ಅಕ್ಕಪಕ್ಕದ ಹಲ್ಲುಗಳು ಗಟ್ಟಿಯಾಗಿದ್ದವು. ಅವನ್ನು ಕೊರೆಯುವುದು ಬೇಡವೆಂದು ಮೊದಲು ತೆಗೆದು ಹಾಕಬಹುದಾದ ತಾತ್ಕಾಲಿಕ ಹಲ್ಲು ಮಾಡಿಕೊಟ್ಟೆ. ಅಂಗುಳಕ್ಕೆ ಹೊಂದುವ ತೆಳು ಗುಲಾಬಿ ತಟ್ಟೆ, ಅದಕ್ಕೆ ಅಂಟಿದ ಒಂದು ಹಲ್ಲು. ಹಗಲೂ ರಾತ್ರಿ ಬಾಯಲ್ಲಿರಬೇಕು, ಊಟವಾದ ಮೇಲೆ ತೊಳೆದು ಕೂಡಲೇ ಹಾಕಿಕೊಳ್ಳಬೇಕು ಎಂದು ಹೇಳಿದೆ. ತಲೆಯಾಡಿಸಿದರು. ಅಲ್ಲೇ ಒಂದು ಶ್ಲೋಕ ಹೇಳಿ ನೋಡಿದರು. ಹಲ್ಲಿನ ಬುಡದಿಂದ ಗಾಳಿ ಸುಯ್ಯೆಂದು ಸೋರಿತು.

"ಇದು ನಿಲ್ತದೇನ್ರಿ?"

"ವಸಡು ಹಲ್ಲಿನ ಬುಡಾ ತಬ್ಬಿಕೊಂಡ್ರ ನಿಲ್ತದ. ಅದಕ್ಕೇ ಇಷ್ಟೆಲ್ಲಾ."

ಎರಡು ವಾರದ ನಂತರ ಬಂದರು. ವಸಡು ಇದ್ದ ಹಾಗೇ ಇತ್ತು. ಬುಡಕ್ಕೆ ಸ್ವಲ್ಪ ಸೇರಿಸಿದೆ, ಬಿಳುಚಿತು, ಚಹಾ ಕುಡಿಯುವುದರೊಳಗೆ ಗುಲಾಬಿಯಾಯಿತು. ಮುಂದಿನ ಸಲವೂ ಬಟ್ಟಲಿನ ಗುರುತೇ ಇಲ್ಲ. ಮೇಲಾಗಿ ನಾನು ಕನ್ನಡಿಯಂತೆ ತಿಕ್ಕಿಕೊಟ್ಟ ಹಲ್ಲು ಮಂಕಾಗಿತ್ತು. ಮೈತುಂಬ ಸಣ್ಣ ಗೀರು. ಆದರೆ ಅಷ್ಟು ಶುಭ್ರವಾದ ತಾತ್ಕಾಲಿಕ ಹಲ್ಲನ್ನು ನಾನು ಯಾವ ರೋಗಿಯ ಬಾಯಲ್ಲೂ ನೋಡಿರಲಿಲ್ಲ. ಒಂದು ಅನ್ನದ ಅಗುಳಿನ ಕಲೆಯೂ ಇಲ್ಲ.

"ದಿನಾ ಹಾಕ್ಕೋತೀರಿಲ್ರೀ?" ಎಂದು ಕೇಳಿದೆ.

"ಒಂದ್ ದಿನಾನೂ ತಪ್ಪಿಲ್ರಿ."

ಅಂದು ಅವರೊಡನೆ ಹೆಂಡತಿ ಸುಧಾಬಾಯಿ ಬಂದಿದ್ದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತಿದ್ದವರು ತಲೆ ಎತ್ತಿದರು.

"ದಿನಾ ಹಾಕ್ಕೋತಾರ್ರಿ, ಖರೆ. ದಿನಾ ತಗದೂ ಇಡ್ತಾರ."

"ಯಾವಾಗ ತಗೀತಾರ?"

"ಮನ್ಯಾಗಿನ ಪೂಜಾ ಮುಗದ ಕೂಡ್ಲೇ. ಅದನ್ನ ಹಾಕ್ಕೊಂಡು ಊಟಾ ಮಾಡಿದ್ರ ಎಂಜಲಾಗಂಗಿಲ್ಲೇನ್ರಿ? ಎಂಜಲಾದ ವಸ್ತು ಬಾಯಾಗ ಇಟ್ಕೊಂಡು ದೇವರ ಮುಂದ ಕೂಡಲಿಕ್ಕೆ ಬರ್ತದೇನು? ಹುಣಸೀಹಣ್ಣು, ಬೂದಿ ಹಚ್ಚಿ ತಿಕ್ಕಿ, ದೇವರ ಪಾತ್ರಿ ಜೋಡಿ ಗೂಡಿನ್ಯಾಗ ಬೋರಲ ಹಾಕಿ ಇಡ್ತಾರ. ಮುಂಜಾನೆ ಸ್ನಾನ ಆದ ಮ್ಯಾಲೇನೇ ಮತ್ತ ಬಾಯಾಗ."

ನಾನು ಆಚಾರ್ಯರ ಕಡೆ ನೋಡಿದೆ.

"ನೀವು ತೊಳದು ಹಾಕ್ಕೋರಿ ಅಂದಿದ್ರಿ," ಎಂದರು ಅವರು. "ತೊಳದು ಹಾಕ್ಕೊಳ್ಳಲಿಕ್ಕತ್ತೀನಿ."

ಹಲ್ಲು ಬಾಯಲ್ಲಿರುತ್ತಿದ್ದದ್ದು ಪೂಜೆಯ ಹೊತ್ತು ಮಾತ್ರ. ಉಳಿದ ಹೊತ್ತು ವಸಡು ತನ್ನ ಜಾಗಕ್ಕೆ ತಾನು ಮರಳುತ್ತಿತ್ತು. ಗೀರು ಬಿದ್ದ ಬುಡ ಅದನ್ನು ದಿನವೂ ಕೆರಳಿಸುತ್ತಿತ್ತು. ಅಷ್ಟು ವಾರ ಕಳೆದಿದ್ದವು, ಯುಗಾದಿ ಹತ್ತಿರವಾಗಿತ್ತು.

ನಾನು ವಿವರಿಸಿದೆ: ಒತ್ತಡ ಬಿಡದೆ ಇರಬೇಕು, ಒಂದು ರಾತ್ರಿ ತೆಗೆದಿಟ್ಟರೆ ಒಂದು ವಾರದ ಕೆಲಸ ಹೋಗುತ್ತದೆ. ಅಂದರೆ ಇನ್ನು ತೆಗೆಯಲಾಗದಂತೆ ಅಂಟಿಸಬೇಕು.

"ಅಂಟಿಸಿದ್ರ ಎಂಜಲು ಅಲ್ಲೇ ಕೂತಂಗಾತಲ್ರಿ," ಎಂದರು ಆಚಾರ್ಯರು. ದನಿಯಲ್ಲಿ ಹಟವಿರಲಿಲ್ಲ. ನಿಜಕ್ಕೂ ಲೆಕ್ಕ ಬಗೆಹರಿಯದವರ ಹಾಗೆ ಹೇಳಿದರು.

"ನಿಮ್ಮ ದಾಡೀ ಹಲ್ಲಿನ್ಯಾಗ ಬೆಳ್ಳಿ ತುಂಬ್ಸೀರಿ, ಸಣ್ಣವರಿದ್ದಾಗ," ಎಂದರು ಸುಧಾಬಾಯಿ. "ಅದನ್ನ ಯಾವಾಗ ಹುಣಸೀಹಣ್ಣು ಹಚ್ಚಿ ತಿಕ್ಕೀರಿ?"

"ಅದು ಬ್ಯಾರೆ."

"ಹೆಂಗ ಬ್ಯಾರೆ?"

"ಅದು… ಕೂತುಬಿಟ್ಟದ."

"ಇದನ್ನೂ ಕೂಡಸ್ತೀನಿ ಅನ್ಲಿಕ್ಕತ್ಯಾರಲ್ಲ ಡಾಕ್ಟರು."

ತೀರ್ಮಾನ ದೊಡ್ಡಪ್ಪನದು. ಮರುವಾರ ಉತ್ತರ ತಂದರು. ರಾಮಾಚಾರ್ಯರು ಒಂದು ದಿನ ಯೋಚಿಸಿ ಹೀಗೆ ಹೇಳಿದ್ದರಂತೆ: "ಬಂದು ಹೋಗೂದು ಪಾತ್ರಿ. ಕೂತದ್ದು ಅಂಗ. ಕೂಡಸೂದಾದ್ರ ಒಮ್ಮೆ ಕೂಡಸ್ಲಿ. ಎರಡು ವಾರಕ್ಕೊಮ್ಮೆ ತಗದು ಹಾಕೂದಾದ್ರ ಅದು ಮತ್ತ ಪಾತ್ರೀನೇ. ಸರದಿ ಮುಗಿಯೂ ತನಕ ತಗೀಬಾರದು."

ಇದರಿಂದ ನನ್ನ ಪದ್ಧತಿಯೇ ಕೆಟ್ಟಿತು. ದೇಶಮುಖ ಸರ್ ಕಲಿಸಿದ್ದು ಸ್ವಲ್ಪ ಸ್ವಲ್ಪವಾಗಿ, ನೋಡಿ ನೋಡಿ ಒತ್ತುವುದು. ಇಲ್ಲಿ ಒಂದೇ ಸಲಕ್ಕೆ ಪೂರ್ತಿ ಆಕಾರ ಕೊಡಬೇಕು. ವಸಡನ್ನು ಬಟ್ಟಲಿನಂತೆ ಕೆತ್ತಿ, ಆ ಬಟ್ಟಲಿಗೆ ಸರಿಯಾದ ಹಲ್ಲನ್ನು ಅಂದೇ ಅಂಟಿಸಿ, ಗಾಯ ಹಲ್ಲಿನ ಸುತ್ತ ಮಾಯುವಂತೆ ಬಿಡಬೇಕು. ತಪ್ಪಿದರೆ ತಿದ್ದಲು ಅವಕಾಶವಿಲ್ಲ. ಕೆತ್ತಿದ್ದು ಹೆಚ್ಚಾದರೆ ವಸಡು ಶಾಶ್ವತವಾಗಿ ಇಳಿಯುತ್ತದೆ. ಖಾಜಾಮಿಯಾರ ಸಂದು ಇವರ ಬಾಯಲ್ಲಿ ಎರಡು ಆಗುತ್ತದೆ, ಗಾಳಿ ಶಾಶ್ವತವಾಗಿ ಸೋರುತ್ತದೆ.

ಅಂಟಿಸಲು ಬೆಳಕಿಗೆ ಗಟ್ಟಿಯಾಗುವ ಕಾಂಪೋಸಿಟ್ ಬೇಕು. ಅದರ ನೀಲಿ ಬೆಳಕಿನ ಯಂತ್ರ ಆಗ ನನ್ನಲ್ಲಿರಲಿಲ್ಲ. ದೇಶಮುಖ ಸರ್ ಹತ್ತಿರ ಕೇಳಲು ಗುಲ್ಬರ್ಗಕ್ಕೆ ಹೋದೆ. ಕಥೆಯನ್ನೆಲ್ಲ ಕೇಳಿದರು. ಹುಣಸೆಹಣ್ಣಿನ ಭಾಗಕ್ಕೆ ನಗಲಿಲ್ಲ.

"ನಾ ಇಷ್ಟ ವರ್ಷ ಪಾಲಿಶ್ ಪಾಲಿಶ್ ಅಂತ ಬಡಕೊಂಡೆ," ಎಂದರು. "ನಿನ್ನ ಪೇಶಂಟ್ ಒಬ್ಬಂವ ಮನಸಿಗೆ ತಗೊಂಡಾನ. ಒಯ್ಯಿ. ಬಲ್ಬ್ ಒಡದ್ರ ಮನಿಗೆ ಬರಬ್ಯಾಡ."

ಫೆಬ್ರವರಿ ಕೊನೆಯ ಗುರುವಾರ ಯಂತ್ರವನ್ನು ಬಟ್ಟೆ ಚೀಲದಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಸೇಡಂಗೆ ಹೋದೆ. ಮಧ್ಯಾಹ್ನ ಸಾಲಿನಲ್ಲಿದ್ದವರನ್ನೆಲ್ಲ ಮುಗಿಸಿ, ಇಳಿಹೊತ್ತಿಗೆ ಆಚಾರ್ಯರನ್ನು ಕೂರಿಸಿದೆ. ಸುಧಾಬಾಯಿ ಜೊತೆಗಿದ್ದರು. ಚುಚ್ಚುಮದ್ದು ಕೊಟ್ಟು, ವಸಡು ಕೆತ್ತಿ, ಹಲ್ಲನ್ನು ಒತ್ತಿ ಕೂರಿಸಿದೆ. ಹಲ್ಲಿನ ಒತ್ತಡಕ್ಕೇ ರಕ್ತ ನಿಂತಿತು. ಹಿಂಬದಿಯಲ್ಲಿ ಅಕ್ಕಪಕ್ಕದ ಹಲ್ಲುಗಳಿಗೆ ಸೇರಿಸಿ ಸಣ್ಣ ತಂತಿ ಇಟ್ಟು, ಅದರ ಮೇಲೆ ಕಾಂಪೋಸಿಟ್ ಹಚ್ಚಿ, ಯಂತ್ರಕ್ಕೆ ಕೈ ಚಾಚಿದೆ. ಕರೆಂಟ್ ಹೋಯಿತು.

ಎಡಗೈಯ ಎರಡು ಬೆರಳು ಹಲ್ಲನ್ನು ಒತ್ತಿ ಹಿಡಿದಿದ್ದವು. ಬಿಡುವ ಹಾಗಿರಲಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ಎತ್ತರದ ಮುದುಕರೊಬ್ಬರು ಬಂದು ನಿಂತರು. ಪಂಚೆ, ಹೆಗಲ ಮೇಲೆ ಶಲ್ಯ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಉದ್ದನೆಯ ಬ್ಯಾಟರಿ ದೀಪ. ಸುಧಾಬಾಯಿ ಸೆರಗು ಸರಿಮಾಡಿಕೊಂಡು ಎದ್ದದ್ದು ನೋಡಿ, ಇವರೇ ರಾಮಾಚಾರ್ಯರು ಎಂದು ತಿಳಿಯಿತು.

"ಏನು ಕೂಡಸ್ತಾರ, ಹೆಂಗ ಕೂಡಸ್ತಾರ, ನಾನೇ ನೋಡ್ತೀನಿ ಅಂತ ಬಂದೆ," ಎಂದರು. "ಇಲ್ಲಿ ನೋಡಿದ್ರ ಕತ್ತಲಿ."

"ಕರೆಂಟ್ ಹೋತ್ರಿ ಮಾವಾರ," ಎಂದರು ಸುಧಾಬಾಯಿ.

"ಹೋದ್ರ ಹೋಗ್ಲಿ. ಕೈ ತಗೀಲಿ, ಬಂದ ಮ್ಯಾಲ ಮಾಡ್ಲಿ."

"ಕೈ ತಗದ್ರ ರಕ್ತ ಒಳಗ ಬರ್ತದ್ರಿ," ಎಂದೆ ನಾನು. "ಮತ್ತ ಮೊದಲಿನಿಂದ ಕೆತ್ತಬೇಕು. ಕೆತ್ತಲಿಕ್ಕೆ ಇನ್ನ ವಸಡಿ ಉಳದಿಲ್ಲ."

ಅವರು ಬೆಂಚಿನ ಮೇಲೆ ಕೂತರು.

"ಗುರುರಾಜಾ, ನೋಯ್ತದೇನೋ?"

"ಊಂ."

"ಹೌದು ಅಂತಾನೋ, ಇಲ್ಲ ಅಂತಾನೋ?"

"ಇಲ್ಲ ಅಂತಾರ್ರಿ," ಎಂದರು ಸುಧಾಬಾಯಿ.

"ನಿನಗ ಹೆಂಗ ತಿಳೀತು?"

"ಮನ್ಯಾಗೂ ಇಷ್ಟ ಮಾತಾಡ್ತಾರ್ರಿ."

ನನ್ನ ಬೆರಳ ಕೆಳಗೆ ಆಚಾರ್ಯರ ತುಟಿ ನಗುವಿಗೆ ಅಲುಗಿತು. "ನಗಬ್ಯಾಡ್ರಿ," ಎಂದೆ.

ಮುದುಕರು ನನ್ನ ಕಡೆ ತಿರುಗಿದರು.

"ಯಾವೂರು ತಂಗೀ ನಿಂದು?"

"ಕಾಳಗಿರಿ."

"ಕಾಳಗ್ಯಾಗ ಯಾರ ಪೈಕಿ?"

ತಂದೆಯ ಹೆಸರು ಹೇಳಿದೆ, ಓಣಿ ಹೇಳಿದೆ. ನಮ್ಮ ಓಣಿಯ ಹೆಸರು ಹೇಳಿದರೆ ಆ ಭಾಗದಲ್ಲಿ ಜಾತಿ ಬೇರೆ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದೆ: "ನಾವು ಬೌದ್ಧರು."

ಆಚಾರ್ಯರ ಕಣ್ಣು ಚಾವಣಿಯಲ್ಲಿ ನೆಟ್ಟಿತ್ತು. ಸುಧಾಬಾಯಿ ನೆಲ ನೋಡುತ್ತಿದ್ದರು. ಇನ್ನು ಮುಂದೆ ಒಂದು ವರ್ಷ ದೇವರ ಮುಂದೆ ಕೂಡಬೇಕಾದ ಹಲ್ಲು ನನ್ನ ಎರಡು ಬೆರಳಲ್ಲಿತ್ತು. ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುವ ಸದ್ದು, ಕಂಡಕ್ಟರ್ ಚಿಂಚೋಳಿ ಚಿಂಚೋಳಿ ಎಂದು ಕೂಗುವುದು ಕೇಳುತ್ತಿತ್ತು.

ರಾಮಾಚಾರ್ಯರು ಕೋಲೂರಿ ಎದ್ದರು. ಬಾಗಿಲ ಕಡೆ ಹೋಗುತ್ತಾರೆ ಎಂದುಕೊಂಡೆ. ಕುರ್ಚಿಯ ಹತ್ತಿರ ಬಂದು ಬ್ಯಾಟರಿ ಹೊತ್ತಿಸಿದರು.

"ಎಲ್ಲಿ ಹಿಡೀಲಿ?"

"ಹಲ್ಲಿನ ಮ್ಯಾಲಿನ ವಸಡಿ ಮ್ಯಾಲ್ರಿ."

ಬೆಳಕಿನಲ್ಲಿ ವಸಡು ಸುಣ್ಣದ ಹಾಗೆ ಬೆಳ್ಳಗೆ ಕಂಡಿತು. ಚುಚ್ಚುಮದ್ದಿನಿಂದಲೂ ವಸಡು ಬಿಳುಚುತ್ತದೆ. ಇಂಥಲ್ಲಿ ಚಹಾದ ಲೆಕ್ಕ ನಡೆಯುವುದಿಲ್ಲ, ಕಾಯಬೇಕು. ಅದನ್ನೇ ಅವರಿಗೆ ಹೇಳಿದೆ: ಬಿಳಿ ಹೋಗಿ ಕೆಂಪು ಬಂದರೆ ವಸಡು ಬದುಕಿದೆ ಎಂದು ಅರ್ಥ, ಬರದಿದ್ದರೆ ಕೆತ್ತಿದ್ದು ತಪ್ಪಾಗಿದೆ. ಅವರು ಇನ್ನಷ್ಟು ಬಾಗಿದರು. ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೋಲು ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಲಿಲ್ಲ.

ನನ್ನ ಬೆರಳು ಜೋಮು ಹಿಡಿದಿತ್ತು. ಶಹಾಬಾದ್ ಕಡೆಯ ಪ್ಯಾಸೆಂಜರ್ ಹೋದ ಸದ್ದು ಕೇಳಿತು. ಕೈ ಬದಲಿಸಲು ಸ್ವಲ್ಪ ಸರಿದೆ.

"ಕೈ ಬಿಡಬ್ಯಾಡ ತಂಗೀ," ಎಂದರು ರಾಮಾಚಾರ್ಯರು. "ಕರೆಂಟ್ ಬರೂ ತನಕ ಬಿಡಬ್ಯಾಡ."

ಆಮೇಲೆ ತುಸು ಹೊತ್ತಿಗೆ ಅವರೇ ಅಂದರು, "ಇಲ್ನೋಡು. ಅಂಚಿಗೆ ಕೆಂಪ ಆಗಲಿಕ್ಕತ್ತದ."

ಅಂಚಿನಿಂದ ಶುರುವಾದ ಬಣ್ಣ ಒಳಗೆ ಹರಡಿತು. ಎರಡು ಪಕ್ಕದ ತ್ರಿಕೋನಗಳಿಗೂ ಬಂತು. ಅದಾದ ಮೇಲೆ ಕರೆಂಟ್ ಬಂತು. ನೀಲಿ ಬೆಳಕು ಹಿಡಿದೆ, ಕಾಂಪೋಸಿಟ್ ಕಲ್ಲಾಯಿತು. ಬೆರಳು ತೆಗೆದೆ. ಹಲ್ಲು ಅಲ್ಲೇ ನಿಂತಿತು.

"ಒಂದು ಶ್ಲೋಕ ಹೇಳು," ಎಂದರು ರಾಮಾಚಾರ್ಯರು.

ಗುರುರಾಜಾಚಾರ್ಯರು ಬಾಯಿ ತೆರೆದರು. ಚುಚ್ಚುಮದ್ದಿನ ತುಟಿ ಒಂದು ಕಡೆ ಜೋತು, ಬರೀ ತೊದಲು ಬಂತು.

"ತುಟಿಗೆ ಜೋಮ ಹಿಡದದ್ರಿ ಮಾವಾರ," ಎಂದರು ಸುಧಾಬಾಯಿ.

"ಇವತ್ತ ಬ್ಯಾಡ. ಯುಗಾದಿ ಮೊದಲ ಕೇಳ್ತೀನಿ," ಎಂದು ಅವರು ಕೋಲು ಹುಡುಕಿಕೊಂಡು ಹೋದರು.

ಮುಂದಿನ ಗುರುವಾರಗಳಲ್ಲಿ ಆಚಾರ್ಯರು ಬಂದು ಬರೀ ಬಾಯಿ 'ಆ' ಮಾಡಿ ತೋರಿಸಿ ಹೋಗುತ್ತಿದ್ದರು. ನಾನು ಮುಟ್ಟುತ್ತಿರಲಿಲ್ಲ. ವಸಡು ಹಲ್ಲಿನ ಬುಡವನ್ನು ಸುತ್ತಿಕೊಂಡು ಬಂತು. ಪಕ್ಕದ ಸಂದುಗಳು ಮುಚ್ಚಿದವು. ಯುಗಾದಿಗೆ ಮುಂಚಿನ ವಾರ ರಾಮಾಚಾರ್ಯರು ಗುಡಿಯ ಕಂಬದ ಆಚೆ ಕೂತು, ಮುಖ ನೋಡದೆ, ಬರೀ ಕಿವಿಗೊಟ್ಟು ಪೂರ್ತಿ ಪಾಠ ಕೇಳಿದರಂತೆ. ಮುಗಿದ ಮೇಲೆ ಗುಡಿಯ ಬೀಗದ ಕೈಯನ್ನು ಕಂಬದ ಬುಡದಲ್ಲಿಟ್ಟು ಮನೆಗೆ ನಡೆದರಂತೆ. ಇದನ್ನು ಸುಧಾಬಾಯಿ ಹೇಳಿದ್ದು. ಯುಗಾದಿಯ ದಿನ ನಾನು ಶಹಾಬಾದಿನಲ್ಲಿದ್ದೆ.

ಆ ಹಬ್ಬದ ಮರುವಾರ ರಾಮಾಚಾರ್ಯರು ಒಬ್ಬರೇ ನನ್ನ ಕೋಣೆಗೆ ಬಂದರು.

"ನನ್ನ ದಾಡೀ ಹಲ್ಲು ಒಂದು ಭಾಳ ದಿನದಿಂದ ತ್ರಾಸ ಕೊಡಲಿಕ್ಕತ್ತದ. ನೋಡ್ತೀಯೇನು?"

"ಕುಂದ್ರಿ."

ಕೂತರು. ಬಾಯಿ ತೆರೆಯುವ ಮೊದಲು ಹೇಳಿದರು, "ಮನಿಗೆ ಹೋಗಿ ಸ್ನಾನ ಮಾಡ್ತೀನಿ. ಯಾವ ಡಾಕ್ಟರ ಕಡೆ ಹೋದ್ರೂ ಮಾಡ್ತೀನಿ. ಸುಳ್ಳು ಹೇಳಂಗಿಲ್ಲ."

"ಮಾಡ್ರಿ. ಹಲ್ಲು ಕಿತ್ತ ಮ್ಯಾಲ ತಲಿ ಮ್ಯಾಲ ಬಿಸಿನೀರು ಮಾತ್ರ ಬ್ಯಾಡ್ರಿ, ರಕ್ತ ಬರ್ತದ."

"ತಣ್ಣೀರೇ ನಮ್ಮದು," ಎಂದು ಬಾಯಿ ತೆರೆದರು.

ತಾತ್ಕಾಲಿಕ ಹಲ್ಲು ಎಂದರೆ ಕೆಲವು ವಾರದ ಮಾತು. ಆಚಾರ್ಯರ ಹಲ್ಲು ಒಂದು ವರ್ಷ ಕೂತಿತು. ಶ್ರಾವಣದಲ್ಲಿ ಒಂದು ಪಕ್ಕದ ಕಾಂಪೋಸಿಟ್ ಬಿರುಕು ಬಿಟ್ಟಾಗ, ತುಟಿ ಬಿಗಿದುಕೊಂಡು ಬಂದು ಕೈಸನ್ನೆಯಲ್ಲೇ ತೋರಿಸಿದರು. ಹಲ್ಲು ತೆಗೆಯದೆ, ಇದ್ದಲ್ಲೇ ಮತ್ತೆ ಅಂಟಿಸಿದೆ. 1998ರ ಯುಗಾದಿಗೆ ಸರದಿ ಮುಗಿದ ಮೇಲೆ ಅದನ್ನು ಬಿಡಿಸಿದೆ. ಬಿಡಿಸುವಾಗ ಎರಡು ಹೋಳಾಯಿತು. ಕೆಳಗೆ ವಸಡಿನಲ್ಲಿ ನಯವಾದ, ಗುಲಾಬಿ ಬಣ್ಣದ ಬಟ್ಟಲು ಇತ್ತು. ಹೋಳುಗಳನ್ನು ಕೂಡಿಸಿ, ಬುಡದ ಆಕಾರವನ್ನು ಪ್ಲಾಸ್ಟರಿನಲ್ಲಿ ಇಳಿಸಿ ಹೈದರಾಬಾದಿನ ಲ್ಯಾಬಿಗೆ ಕಳಿಸಿದೆ. ಹಿಂಬದಿಯಲ್ಲಿ ಪಕ್ಕದ ಹಲ್ಲುಗಳಿಗೆ ಅಂಟುವ ಲೋಹದ ರೆಕ್ಕೆಗಳಿದ್ದ ಪಿಂಗಾಣಿ ಹಲ್ಲು ಬಂತು. ಅದನ್ನು ಕೂರಿಸಿದಾಗ ಆಚಾರ್ಯರು ಮೊದಲು ಮಾಡಿದ ಕೆಲಸ ಉಗುರಿನಿಂದ ಸವರಿ ನೋಡಿದ್ದು.

ಆ ಮೇಲೆ ನಾನು ರೋಗಿಗಳನ್ನು ಕೇಳುವ ಪ್ರಶ್ನೆ ಬದಲಾಯಿತು. ಹಾಕಿಕೊಳ್ಳುತ್ತೀರಾ ಎಂದು ಕೇಳುವುದನ್ನು ಬಿಟ್ಟು, ಯಾವಾಗ ತೆಗೆಯುತ್ತೀರಿ ಎಂದು ಕೇಳತೊಡಗಿದೆ. ಎಲ್ಲರ ಹತ್ತಿರವೂ ಒಂದು ಉತ್ತರ ಇತ್ತು. ಕುಂಚಾವರಂ ಕಡೆಯ ಹೆಣ್ಣುಮಗಳೊಬ್ಬಳು, "ಮಿಶ್ರಿ ತಿಕ್ಕೂವಾಗ ತಗೀತೀನಮ್ಮಾ, ತಂಬಾಕಿಗೆ ಹೊಸ ಹಲ್ಲು ಕರ್ರಗಾದ್ರ ಹೆಂಗ?" ಎಂದಳು. ಸೇಡಂ ಹತ್ತಿರದ ಮುಧೋಳದ ಮಾಸ್ತರರೊಬ್ಬರು ಗಟ್ಟಿ ಕಟಕ ರೊಟ್ಟಿ ತಿನ್ನುವಾಗ ತೆಗೆದು ಅಂಗಿಯ ಜೇಬಿನಲ್ಲಿ ಇಡುತ್ತಿದ್ದರು. ವಸಡಿನ ಆಕಾರ ಯಾಕೆ ಬರಲಿಲ್ಲ ಎಂದು ವಸಡನ್ನೇ ನೋಡುತ್ತ ಕೂತರೆ ಉತ್ತರ ಸಿಗುವುದಿಲ್ಲ.

2000ದ ನಂತರ ಪದ್ಧತಿಗಳು ಬದಲಾದವು. ಬೆಳಕಿನ ಯಂತ್ರಕ್ಕೆ ಬ್ಯಾಟರಿ ಬಂತು. ಹಲ್ಲು ಕಿತ್ತ ದಿನವೇ ಮೊಟ್ಟೆಯಾಕಾರದ ತಾತ್ಕಾಲಿಕ ಹಲ್ಲು ಕೂರಿಸಿ, ವಸಡು ಕುಸಿಯಲು ಬಿಡದಿರುವುದು ರೂಢಿಯಾಯಿತು. ಮೂಳೆಗೆ ತಿರುಪು ಕೂರಿಸಿ ಹಲ್ಲು ನಿಲ್ಲಿಸುವುದು ಗುಲ್ಬರ್ಗಕ್ಕೂ ಬಂತು. ಅದರಲ್ಲೂ ವಸಡಿಗೆ ಆಕಾರ ಕೊಡುವುದು ತಾತ್ಕಾಲಿಕ ಹಲ್ಲೇ. ದೇಶಮುಖ ಸರ್ ಕೆಲಸ ನಿಲ್ಲಿಸಿದಾಗ ಹಳೆಯ ಯಂತ್ರವನ್ನು ನನಗೇ ಕೊಟ್ಟರು. ಅದರ ಬಲ್ಬ್ ಒಡೆದಿರಲಿಲ್ಲ.

2009ರ ಡಿಸೆಂಬರ್‌ನಲ್ಲಿ ಸೇಡಂನ ಕೋಣೆ ಬಿಟ್ಟೆ. ಕೊನೆಯ ಗುರುವಾರ ಗುರುರಾಜಾಚಾರ್ಯರು ಮತ್ತು ಸುಧಾಬಾಯಿ ಬಂದಿದ್ದರು. ರಾಮಾಚಾರ್ಯರು ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಗುಡಿಯ ಬಾವಿಗೆ ಮೋಟಾರು ಕೂರಿಸಿದ್ದರು. ಸರದಿ ಆ ವರ್ಷ ಮತ್ತೆ ಇವರದೇ. ಹಲ್ಲು ಅದೇ ಇತ್ತು, ವಸಡು ಇಳಿದಿರಲಿಲ್ಲ. ನಾನು 1997ರಲ್ಲಿ ಮೊದಲು ಮಾಡಿಕೊಟ್ಟಿದ್ದ, ತೆಗೆದು ಹಾಕುವ ಹಲ್ಲು ಏನಾಯಿತು ಎಂದು ಕೇಳಿದೆ. ಅದು ಮನೆಯಲ್ಲೇ ಇದೆ, ಗೂಡಿನಲ್ಲಿ, ಸರದಿ ಬಂದಾಗ ದೇವರ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೋರಲು ಹಾಕುತ್ತೇನೆ ಎಂದು ಸುಧಾಬಾಯಿ ಹೇಳಿದರು.